ಅಡ್ಡ ಬರಹದ ಡೈರಿ: ಏಳನೇ ಹಾಳೆ ಕೈಗೂಡಿತು

ಒಂದು ಕವಿತೆಯಲ್ಲಿ ಬರುವ ಡೈರಿಯನ್ನು ಕೈಯಾರೆ ಮಾಡುತ್ತಿದ್ದೇನೆ, ಅದರ ಒಂದು ಹಾಳೆ ನಿನ್ನೆ ರಾತ್ರಿ ಕೊನೆಗೂ ಸರಿಯಾಗಿ ಬಂತು! ಹಾಳೆಯನ್ನು ನೆಟ್ಟಗೆ ಹಿಡಿದರೆ ಒಂದು ಬರಹ, ಕಾಲು ಸುತ್ತು ತಿರುಗಿಸಿದರೆ ಇನ್ನೊಂದು. ಎರಡನ್ನೂ ತಡವರಿಸದೆ ಓದಬಹುದು.

ಅಮೆರಿಕದ ಕವಿ ನತಾಶಾ ಟ್ರೆಥೆವೇ ಅವರ ‘ನೇಟಿವ್ ಗಾರ್ಡ್’ ಕವಿತೆಯ ಹತ್ತು ಸಾನೆಟ್‌ಗಳನ್ನು (ಹದಿನಾಲ್ಕು ಸಾಲಿನ ಪದ್ಯಗಳನ್ನು) ನನ್ನ ಓದಿಗಷ್ಟೇ ಕನ್ನಡಕ್ಕೆ ತಂದುಕೊಂಡಿದ್ದೆ. ಅಮೆರಿಕದ ಅಂತರ್ಯುದ್ಧದ ಕಾಲ. ಗುಲಾಮಗಿರಿಯಿಂದ ಹೊರಬಂದ ಕಪ್ಪು ಸೈನಿಕನೊಬ್ಬ ಮಿಸಿಸಿಪ್ಪಿಯ ಶಿಪ್ ಐಲ್ಯಾಂಡ್ ದ್ವೀಪದಲ್ಲಿ, ಹಗೆಯಾಗಿದ್ದ ದಕ್ಷಿಣ ರಾಜ್ಯಗಳ ಬಿಳಿಯ ಕೈದಿಗಳನ್ನು ಕಾಯುತ್ತಾನೆ. ಓದು ಬರಹ ಬಾರದ ಕೈದಿಗಳಿಗೆ ಕಾಗದ ಬರೆದುಕೊಡುವವನೂ ಅವನೇ. ಅವನ ಡೈರಿ ಬಿಳಿಯರು ಬಿಟ್ಟುಹೋದ ಮನೆಯಿಂದ ತಂದದ್ದು, ಆಗಲೇ ಹೆಚ್ಚುಕಮ್ಮಿ ತುಂಬಿಹೋಗಿದೆ. ಹಾಗಾಗಿ ಹಳೆಯ ಸಾಲುಗಳ ಮೇಲೇ ಅಡ್ಡಡ್ಡ ಬರೆಯುತ್ತಾನೆ. ಟ್ರೆಥೆವೇ ಹುಟ್ಟಿದ್ದು ಆ ದ್ವೀಪದ ಎದುರಿನ ಗಲ್ಫ್‌ಪೋರ್ಟ್‌ನಲ್ಲಿ, 1966ರಲ್ಲಿ. ದ್ವೀಪದ ಕೋಟೆಯಲ್ಲಿ ಅವರು ನೋಡಿದ ಫಲಕದಲ್ಲಿ ಕೈದಿಗಳ ಹೆಸರಿತ್ತು, ಕಾದವರದ್ದು ಇರಲಿಲ್ಲ. ಕವಿತೆಯನ್ನು ಓದಿದ ದಿನವೇ ಆ ಸೈನಿಕನ ಡೈರಿಯನ್ನು ಕೈಯಾರೆ ಮಾಡಬೇಕು ಅಂತ ನನಗೆ ಅನ್ನಿಸಿತ್ತು.

ಕೆಳಗಿನ ಪದರಕ್ಕೆ ಹತ್ತಿಯ ಲೆಕ್ಕ ಬರೆದೆ, ಅದು ನನ್ನ ಕಲ್ಪನೆ. ಮೇಲೆ ಸಾನೆಟ್. ಮೊದಲ ಮೂರು ಹಾಳೆ ಇಂಕು ಒಡೆದೇ ಹೋದವು. ಚದರ ಮೀಟರಿಗೆ 120 ಗ್ರಾಂ ತೂಗುವ (120 ಜಿಎಸ್‌ಎಂ) ಕಾಗದ ಕೇಳಿದರೆ ಅಂಗಡಿಯವರು 80 ಕಳಿಸಿ, ಎರಡೂ ಒಂದೇ ಅಂದರು. ಒಂದೇ ಹೇಗಾಗುತ್ತದೆ? ಬೇರೆ ಕಾಗದ ತಂದ ಮೇಲೂ ಮೂರು ಹಾಳೆ ಕೆಟ್ಟವು. ಈ ಸಲ ಕಾಟ ಕೊಟ್ಟದ್ದು ನಮ್ಮ ಒತ್ತಕ್ಷರ. ಸಾಲಿನ ಕೆಳಗಿನ ಜಾಗವನ್ನೆಲ್ಲ ಅದೇ ತಿನ್ನುತ್ತದೆ. ಅಡ್ಡ ಸಾಲು ಬಂದು ಸೇರಿದರೆ ಬರೀ ಗಂಟು. ಕೆಳಗಿನ ಇಂಕು ತೆಳು ಮಾಡಿ ನೋಡಿದೆ. ಓದಲು ಸುಲಭ, ಆದರೆ ಮನಸ್ಸು ಒಪ್ಪಲಿಲ್ಲ. ಆ ಸೈನಿಕನಿಗೆ ಸಿಕ್ಕಿದ್ದು ಮಾಸಿದ ಹಾಳೆ ಅಲ್ಲ, ಇನ್ನೊಬ್ಬನ ಮಾತು ತುಂಬಿದ ಹಾಳೆ.

ದಾರಿ ಸಿಕ್ಕಿದ್ದು ಪದಗಳಲ್ಲಿ. ‘ಸ್ವಾತಂತ್ರ್ಯ’ ಬರೆದ ಕಡೆಯೆಲ್ಲ ಹಾಳೆ ಕಪ್ಪಾಗಿತ್ತು. ‘ಬಿಡುಗಡೆ’ ಅಂತ ಬರೆದೆ, ಒಂದು ಒತ್ತೂ ಇಲ್ಲ! ಸೈನ್ಯ ಹೋಗಿ ದಂಡು ಬಂತು, ಶತ್ರು ಹೋಗಿ ಹಗೆ, ಸ್ಮರಣೆ ಹೋಗಿ ನೆನಪು. ಅನುವಾದವೂ ಸೈನಿಕನ ಬಾಯಿಗೆ ಹತ್ತಿರವಾಯಿತು. ‘ಕಪ್ಪು’ ಮಾತ್ರ ಹಾಗೇ ಉಳಿಸಿಕೊಂಡೆ. ‘ಕರಿಯ’ ಅಂದರೆ ಒತ್ತು ತಪ್ಪುತ್ತಿತ್ತು, ಆದರೆ ಅದು ಹೀಯಾಳಿಸುವ ಮಾತು. ಆ ಒಂದು ಒತ್ತಿಗಾಗಿ ಸಾಲಿನ ಅಂತರವನ್ನು 11ರಿಂದ 14 ಮಿಲಿಮೀಟರ್‌ಗೆ ಏರಿಸಿದೆ. ಕೆಳಗೆ ಸಣ್ಣ ಮೊನೆಯ ನಿಬ್, ಮೇಲೆ ಅಗಲ ನಿಬ್, ಎರಡಕ್ಕೂ ಒಂದೇ ಇಂಕು.

ಮುಂದಿನದು ಟ್ರೆಥೆವೇ ಅವರದೇ ‘ಮಿಥ್’. ಕೊಲೆಯಾದ ತಾಯಿಯ ನೆನಪಿನ ಕವಿತೆ. ಮೊದಲ ಒಂಬತ್ತು ಸಾಲು ಕೊನೆಯದರಿಂದ ಮೊದಲನೆಯದಕ್ಕೆ ವಾಪಸ್ ಬರುತ್ತವೆ. ಎದುರುಬದುರು ಪುಟಗಳಲ್ಲಿ ಇಡಬೇಕು ಅಂತಿದ್ದೇನೆ. ಆದರೆ ‘ಬಂದು’, ‘ಹೋಗಿ’ ಅಂತ ಮುಗಿದ ಕನ್ನಡದ ಸಾಲು ತಿರುಗಿ ನಿಲ್ಲುವುದೇ ಇಲ್ಲ. ಎರಡು ಸಾಲು ಮಾತ್ರ ನಿಂತಿವೆ. ಅದಕ್ಕೆ ಮೊದಲು ಈ ಡೈರಿಯದು ಇನ್ನೂ ಒಂಬತ್ತು ಸಾನೆಟ್ ಬಾಕಿ, ನಾಳೆ ಎಂಟನೇ ಹಾಳೆ.