‘ಅಡ್ಡಿಲ್ಲ’ ಅಂದರೆ ಯಾವ ಚೌಕಕ್ಕೆ ಟಿಕ್? (ಸರ್ವೆ ಡೈರಿ, ಮೂರನೇ ಕಂತು)

ಹೋದ ಕಂತಿನಲ್ಲಿ ಪ್ರಶ್ನೆಪತ್ರಿಕೆ ಅಚ್ಚಾಗಿ ಬಂತು ಅಂತ ಬೀಗಿದ್ದೆ. ಈಗ ಅದರಲ್ಲಿ ಅರ್ಧ ರದ್ದಿಗೆ ಹೋಗಿದೆ.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ಶಿರಸಿಯವಳು, ನಿವೃತ್ತ ಹೈಸ್ಕೂಲ್ ಟೀಚರ್. ಅಕ್ಕನ ಮಗಳು ಸಮುದಾಯ ವೈದ್ಯಕೀಯದಲ್ಲಿ ಪಿಜಿ ಮಾಡುತ್ತಿದ್ದಾಳೆ. ಆಸ್ಪತ್ರೆಗೆ ಬಂದವರ ಉಳಿದ ರಕ್ತ, ಕೇಸ್ ಪೇಪರು ಇವನ್ನೆಲ್ಲ ಸಂಶೋಧನೆಗೆ ಬಳಸಬೇಕಾದರೆ ಅವರನ್ನು ಯಾರು ಕೇಳಬೇಕು, ಹೇಗೆ ಕೇಳಬೇಕು? ಅದನ್ನು ರೋಗಿಗಳ ಬಾಯಿಂದಲೇ ತಿಳಿಯುವುದು ಅವಳ ಕೆಲಸ. ಕಾರವಾರ, ಕುಮಟಾ, ಶಿರಸಿ, ಒಂದೊಂದು ಊರಿನಲ್ಲಿ ಒಂದೊಂದು ಆಸ್ಪತ್ರೆ. ಹೆಸರು ಬರೆಯುವುದಿಲ್ಲ ಅಂತ ಮಾತು ಕೊಟ್ಟಿದ್ದೇವೆ. ಓಡಾಟ ನನ್ನದು. ಸಂಬಳ ಇಲ್ಲ. ಬಸ್ ಚಾರ್ಜಿಗೆ ಹೇಗೂ ಶಕ್ತಿ ಯೋಜನೆ ಇದೆ.

ಅನುಮತಿಯ ಕತೆ ಉದ್ದ ಮಾಡುವುದಿಲ್ಲ. ಹಲವು ಕಡೆ ನಡೆಯುವ ಅಧ್ಯಯನಕ್ಕೆ ಒಂದೇ ನೈತಿಕ ಸಮಿತಿ (ಸಂಶೋಧನೆಯಿಂದ ಜನರಿಗೆ ಅನ್ಯಾಯ ಆಗದಂತೆ ನೋಡುವ ಸಮಿತಿ) ಎಲ್ಲರ ಪರವಾಗಿ ಪರಿಶೀಲಿಸಬಹುದು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಆದರೂ ಮೂರೂ ಕಡೆಯವರಿಗೆ ಅವರವರದೇ ಕಾಗದ ಬೇಕಾಯಿತು. ಒಂದು ಸಮಿತಿ ‘ರೋಗಿ’ ಅನ್ನಬೇಡಿ ಅಂದಿತು, ಇನ್ನೊಂದು ‘ರೋಗಿ’ ಅಂತಲೇ ಬರೆಯಿರಿ ಅಂದಿತು. ವೈದ್ಯರಲ್ಲದ ಸಾಮಾನ್ಯ ಸದಸ್ಯರೊಬ್ಬರೂ ಈ ಸಮಿತಿಗಳಲ್ಲಿ ಇರಬೇಕು. ಅಂಥವರೊಬ್ಬರು ಕೇಳಿದ್ದೇ ನಿಜವಾಗಿ ಉಪಯೋಗಕ್ಕೆ ಬಂತು: ‘ಅಕ್ಷರ ಇಷ್ಟು ಸಣ್ಣಕ್ಕಿದ್ದರೆ ಓದುವವರು ಯಾರು?’

ಒಪ್ಪಿಗೆ ಬಗ್ಗೆ ಸರ್ವೆ ಮಾಡಲಿಕ್ಕೂ ಒಪ್ಪಿಗೆ ಪತ್ರ ಬೇಕು, ಅಲ್ವಾ? ಹನ್ನೊಂದು ಪ್ರಶ್ನೆಗೆ ನಾಲ್ಕು ಪುಟದ ಮಾಹಿತಿ ಹಾಳೆ. ಸಹಿ ಬಾರದವರಾದರೆ ಹೆಬ್ಬೆಟ್ಟು, ಪಕ್ಕದಲ್ಲಿ ನಮಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ. ‘ಇಲ್ಲಿ ಸಹಿ ಹಾಕಿ’ ಅಂದ ಕೂಡಲೇ ಕುಮಟಾದಲ್ಲಿ ಒಬ್ಬ ಅಜ್ಜನ ಮುಖ ಬಿಳಿಚಿತು. ‘ಆಪರೇಶನ್ನಾ?’ ಅಂದರು. ಆಸ್ಪತ್ರೆಯಲ್ಲಿ ಸಹಿ ಅಂದರೆ ಅವರಿಗೆ ಗೊತ್ತಿದ್ದದ್ದು ಅದೊಂದೇ. ಆಮೇಲೆ ಎಷ್ಟು ಹೇಳಿದರೂ ಅವರು ಕೂರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಬೇಡ ಅನ್ನುವ ಹಕ್ಕು ಇದೆ ಅಂತ ಆ ಹಾಳೆಯಲ್ಲೇ ಬರೆದಿದೆಯಲ್ಲ.

ಇನ್ನು ‘ಅಡ್ಡಿಲ್ಲ’ದ ಸಂಗತಿ. ನಮ್ಮ ಉತ್ತರಗಳಿಗೆ ಐದು ಚೌಕ ಇತ್ತು, ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಖಂಡಿತ ಒಪ್ಪುವುದಿಲ್ಲ’ದ ತನಕ. ನಮ್ಮ ಜಿಲ್ಲೆಯವರು ಈ ಐದರಲ್ಲಿ ಒಂದನ್ನೂ ಹೇಳುವುದಿಲ್ಲ. ‘ಅಡ್ಡಿಲ್ಲ’ ಅನ್ನುತ್ತಾರೆ. ಊಟ ಹೇಗಿತ್ತು, ಅಡ್ಡಿಲ್ಲ. ಹುಡುಗ ಹೇಗೆ, ಅಡ್ಡಿಲ್ಲ. ಟೆಸ್ಟ್ ಮುಗಿದು ಉಳಿದ ರಕ್ತವನ್ನು ಇನ್ನೊಮ್ಮೆ ಕೇಳದೆ ಸಂಶೋಧನೆಗೆ ಕೊಡಬಹುದಾ, ಅದಕ್ಕೂ ಅಡ್ಡಿಲ್ಲ. ಕಾರವಾರದ ಕೊಂಕಣಿಯವರಲ್ಲಿ ಅದೇ ಜಾಗದಲ್ಲಿ ‘ಚಲ್ತಾ’. ನಾನು ಶುರುವಿಗೆ ಎಲ್ಲವನ್ನೂ ‘ಒಪ್ಪುತ್ತೇನೆ’ಗೆ ಹಾಕಿದೆ. ಒಂದು ವಾರ ಹಾಗೇ ನಡೆಯಿತು.

ಆಮೇಲೆ ಹೊನ್ನಾವರ ಕಡೆಯ ಒಬ್ಬ ಹೆಂಗಸು, ಬುಟ್ಟಿ ಕಾಲ ಬಳಿ ಇಟ್ಟುಕೊಂಡು, ‘ಅಡ್ಡಿಲ್ಲ ಅಕ್ಕೋರೆ, ಬರ್ಕೊಳ್ಳಿ’ ಅಂದಳು. ಸುಮ್ನೆ ಕೇಳಿದೆ, ‘ಮನಸ್ಸಿದ್ದು ಅಡ್ಡಿಲ್ಲವೋ, ಮನಸ್ಸಿಲ್ಲದೆ ಅಡ್ಡಿಲ್ಲವೋ?’ ಅವಳು ಲ್ಯಾಬ್ ಕಿಟಕಿ ಕಡೆ ನೋಡಿದಳು. ‘ಡಾಕ್ಟ್ರು ಕೇಳಿದ್ಮೇಲೆ ಇಲ್ಲ ಅಂತ ಹೇಳೂದು ಹ್ಯಾಂಗೆ?’ ಅಂದಳು. ಕೇಳಿದ್ದು ಡಾಕ್ಟರಲ್ಲ, ನಾನು. ಆದರೆ ಕೂತದ್ದು ಡಾಕ್ಟರ ಕೋಣೆಯ ಬಾಗಿಲಲ್ಲಿ.

ಇನ್ನೊಂದು ತಪ್ಪು ಪೂರಾ ನನ್ನದೇ. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ, ನನ್ನ ಹಣೆಬರಹದಲ್ಲೇ ಅದು ಬರೆದಿರಬೇಕು. ಮೂವತ್ತು ವರ್ಷದ ಚಾಳಿ, ಕೈಯಲ್ಲಿ ಕೆಂಪು ಪೆನ್ನು. ಟಿಕ್ ಹಾಕುವಾಗ ಒಬ್ಬ ಬಾಗಿ ನೋಡಿ, ‘ತಪ್ಪಾಯ್ತಾ ಅಕ್ಕೋರೆ?’ ಅಂತ ಕೇಳಿದ. ನಲವತ್ತು ದಾಟಿದ ಗಂಡಸು! ಅಲ್ಲಿಗೆ ತಿಳಿಯಿತು, ಇವರೆಲ್ಲ ನನಗೆ ಬೇಕಾದ ಉತ್ತರ ಹುಡುಕುತ್ತಿದ್ದಾರೆ.

ಶಿರಸಿಯಲ್ಲಿ ಸಿದ್ದಾಪುರದ ಒಬ್ಬ ರೈತ ಮಾತ್ರ ಅಡ್ಡಿಲ್ಲ ಅನ್ನಲಿಲ್ಲ. ಅವರ ಊರಲ್ಲಿ ಮಂಗನ ಕಾಯಿಲೆ ಬಂದಿದ್ದಾಗ ಮನೆಯಲ್ಲಿ ಇಬ್ಬರ ರಕ್ತ ತೆಗೆದುಕೊಂಡು ಹೋಗಿದ್ದರಂತೆ. ‘ರಕ್ತ ಹೋಯ್ತು, ಸುದ್ದಿ ಬರಲೇ ಇಲ್ಲ. ಮೊದಲು ಅದರದ್ದು ಹೇಳಿ, ಆಮೇಲೆ ಇದರದ್ದು ಕೇಳಿ.’ 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ರಕ್ತ ಕೊಡುವುದು ಇಲ್ಲಿಯವರಿಗೆ ಹೊಸತಲ್ಲ. ಫಲಿತಾಂಶ ತಿಳಿಸಬೇಕಾ ಅನ್ನುವ ಪ್ರಶ್ನೆ ನಮ್ಮ ಹನ್ನೊಂದರಲ್ಲಿ ಇರಲೇ ಇಲ್ಲ. ಈಗ ಎರಡನೆಯದೇ ಅದು.

ಬದಲಾಯಿಸಿದ್ದು ಇಷ್ಟು. ಐದು ಚೌಕ ಹೋಗಿ ಮೂರಾಯಿತು: ಕೊಡ್ತೇನೆ, ಬೇಡ, ಕೇಳಿ ನೋಡಿ ಹೇಳ್ತೇನೆ. ‘ಅಡ್ಡಿಲ್ಲ’ ಅಂದರೆ ಟಿಕ್ ಹಾಕುವುದಿಲ್ಲ, ‘ಬೇಡ ಅಂದ್ರೆ ಡಾಕ್ಟ್ರು ಬೇಜಾರು ಮಾಡ್ಕೊಳ್ತಾರೆ ಅನ್ಸುತ್ತಾ?’ ಅಂತ ಕೇಳಿ, ಬಂದ ಮಾತನ್ನು ಹಾಗೇ ಬರೆಯುತ್ತೇವೆ. ‘ಸಂಶೋಧನೆ’ ಜೊತೆಗೆ ‘ಇದು ನಿಮ್ಮ ಚಿಕಿತ್ಸೆ ಅಲ್ಲ, ಮುಂದೆ ಬರುವವರಿಗೆ’ ಅಂತ ಒಂದು ಸಾಲು ಸೇರಿತು. ಹಾಗೆ ಹೇಳದಿದ್ದರೆ ಎಲ್ಲರೂ ಇನ್ನೊಂದು ಟೆಸ್ಟ್ ಅಂದುಕೊಳ್ಳುತ್ತಾರೆ. ತಿದ್ದಿದ್ದು ಮತ್ತೆ ಮೂರೂ ಸಮಿತಿಗೆ ಹೋಗಿ ಒಪ್ಪಿಗೆ ಪಡೆದು ಬಂತು. ಹಳೆಯ ನಲವತ್ತೆಂಟು ಹಾಳೆ ಲೆಕ್ಕಕ್ಕಿಲ್ಲ. ಅಕ್ಕನ ಮಗಳು ಅತ್ತಳು, ನಾನು ಚಹಾ ಮಾಡಿಕೊಟ್ಟೆ.

ಹೊಸ ತಲೆನೋವು ಮಳೆಗಾಲದ್ದು. ಜೂನ್, ಜುಲೈ ಮೀನುಗಾರಿಕೆ ನಿಷೇಧ, ಹಾಗಾಗಿ ಕಾರವಾರದ ಒಪಿಡಿಯಲ್ಲಿ ಬೋಟಿನ ಗಂಡಸರು ಜಾಸ್ತಿ. ಶಿರಸಿಯಲ್ಲಿ ಅದೇ ಹೊತ್ತಿಗೆ ಅಡಿಕೆಗೆ ಕೊಳೆ ರೋಗದ ಔಷಧ ಹೊಡೆಯುವ ಕೆಲಸ. ಬಿಸಿಲು ಕಂಡ ದಿನ ಗಂಡಸರು ಯಾರೂ ಆಸ್ಪತ್ರೆ ಕಡೆ ಬರುವುದಿಲ್ಲ. ಎರಡೂರಿನ ಉತ್ತರ ಬೇರೆ ಬಂದರೆ ಅದು ಊರಿನದ್ದೋ ಮಳೆಯದ್ದೋ? ಆಗಸ್ಟಿನಲ್ಲಿ ಕಾರವಾರಕ್ಕೆ ಇನ್ನೊಂದು ಸುತ್ತು ಹೋಗಲೇಬೇಕು.

ಸೋಮವಾರದಿಂದ ಕೊಂಕಣಿ ಬರುವ ಒಬ್ಬ ಕಾಲೇಜು ಹುಡುಗಿ ಜೊತೆಗೆ ಬರುತ್ತಾಳೆ. ಅರ್ಧ ಹಾಳೆ ಅವಳು, ಅರ್ಧ ನಾನು. ಯಾರ ಹಾಳೆಯಲ್ಲಿ ‘ಬೇಡ’ ಜಾಸ್ತಿ ಬೀಳುತ್ತದೆ ನೋಡಬೇಕು. ಕುರ್ಚಿಯನ್ನು ಡಾಕ್ಟರ ಬಾಗಿಲಿಂದ ತೆಗೆದು ಕ್ಯಾಂಟೀನ್ ಪಕ್ಕ ಹಾಕಿಸಿದ್ದೇನೆ. ನೀಲಿ ಪೆನ್ನು ಒಂದು ಡಜನ್ ತಂದಿಟ್ಟಿದೆ.