ಮಳೆಗಾಲದಲ್ಲಿ ಮುಂಡಿಗೆಕೆರೆ: ಬೆಳ್ಳಕ್ಕಿ ಫೋಟೋಗೆ ಹೋಗೋರಿಗೆ

ಸೋಂದಾ ಅಂದ್ರೆ ವಾದಿರಾಜ ಮಠ ಎಲ್ರಿಗೂ ಗೊತ್ತು, ಹತ್ರದಲ್ಲೇ ಇರೋ ಮುಂಡಿಗೆಕೆರೆಗೆ ಹೋಗೋರು ಕಮ್ಮಿ. ಶಿರಸಿಯಿಂದ ಸುಮಾರು 20 ಕಿ.ಮೀ. ಕೆರೆ ತುಂಬಾ ಮುಂಡಿಗೆ ಗಿಡ (ಕೇದಿಗೆ ಜಾತಿದು), ಮಳೆ ಹಿಡೀತು ಅಂದ್ರೆ ಅದರ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ತವೆ, ಬೇಸಿಗೆಲಿ ಹೋದ್ರೆ ಬರೀ ಗಿಡ ನೋಡ್ಕೊಂಡು ಬರ್ಬೇಕು. ಸಂಜೆ ಹೋಗಿ, ಗದ್ದೆಗೆ ಮೇಯೋಕೆ ಹೋದವು ಗುಂಪುಗುಂಪಾಗಿ ವಾಪಸ್ ಬರೋ ಹೊತ್ತು ಅದು. ಉಂಬಳ (ಜಿಗಣೆ) ಇದ್ದೇ ಇರ್ತವೆ, ಉಪ್ಪು ಜೇಬಲ್ಲಿರ್ಲಿ.

ಈಗ ಕ್ಯಾಮೆರಾ ವಿಷ್ಯ. ಸುತ್ತ ಕಡು ಹಸಿರು, ಮಧ್ಯ ಒಂದು ಬಿಳಿ ಹಕ್ಕಿ. ಕ್ಯಾಮೆರಾ ಆ ಕತ್ತಲೆ ನೋಡಿ ಎಕ್ಸ್‌ಪೋಶರ್ ಏರಿಸಿಬಿಡತ್ತೆ, ಹಕ್ಕಿ ಬೆಳ್ಳಗೆ ಸುಟ್ಟು ಹೋಗತ್ತೆ, ಗರಿಗಳ ವಿವರವೇ ಉಳಿಯಲ್ಲ. ಹಂಗಾಗಿ ಕಾಂಪೆನ್ಸೇಶನ್ (ಕ್ಯಾಮೆರಾ ಲೆಕ್ಕಕ್ಕಿಂತ ಬೆಳಕು ಹೆಚ್ಚು-ಕಮ್ಮಿ ಮಾಡೋ ಸೆಟ್ಟಿಂಗ್) ಮೈನಸ್ 0.7 ಇಟ್ಕೊಂಡು ಶುರು ಮಾಡಿ, ಹೈಲೈಟ್ ವಾರ್ನಿಂಗ್ (ಸುಟ್ಟ ಜಾಗ ತೋರಿಸೋ ಗುರುತು) ಮಿಣುಕ್ತಿದ್ರೆ ಮೈನಸ್ 1, ಇನ್ನೂ ಮಿಣುಕಿದ್ರೆ ಇನ್ನೂ ಇಳಿಸಿ. ಮರಿ ಮಾಡೋ ಕಾಲದಲ್ಲಿ ಬೆನ್ನ ಮೇಲೆ ದಾರದ ಎಳೆ ಥರ ಸಣ್ಣ ಗರಿ ಇಳಿಬಿದ್ದಿರ್ತವೆ ನೋಡಿ, ಅದು ಒಂದೊಂದೂ ಬಿಡಿಬಿಡಿಯಾಗಿ ಕಾಣ್ಬೇಕು, ಅದಕ್ಕೇ ಇಷ್ಟೆಲ್ಲಾ ಒದ್ದಾಟ. ಹಕ್ಕಿ ಹಾರಿ ಮೇಲೆ ಹೋಗಿ ಹಿಂದೆ ಮೋಡದ ಆಕಾಶ ಬಂತು ಅಂದ್ರೆ ಲೆಕ್ಕ ಉಲ್ಟಾ, ಆಗ ಪ್ಲಸ್ ಬೇಕು. ಅದೇ ಫ್ರೇಮಲ್ಲಿ ನೀರುಕಾಗೆನೂ ಕೂತಿದ್ರೆ ಬಿಳಿದನ್ನ ಉಳಿಸ್ಕೊಳ್ಳಿ, ಕಪ್ಪನ್ನ ಆಮೇಲೆ ಎತ್ಬಹುದು. ರಾ ಫೈಲಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೀರಿ, ಜೆಪೆಗ್‌ನಲ್ಲಿ ಅಷ್ಟು ಎಳೆದಾಡೋಕೆ ಬರಲ್ಲ. ಹಾರೋದಕ್ಕೆ ಶಟರ್ ಸ್ಪೀಡ್ 1/1000 ಸೆಕೆಂಡಿಗಿಂತ ನಿಧಾನ ಬೇಡ, ಐಎಸ್ಒ (ಬೆಳಕಿನ ಸೂಕ್ಷ್ಮತೆ) ಏರಿದ್ರೆ ಏರ್ಲಿ.

ಎಡಿಟಿಂಗಲ್ಲಿ ತಲೆನೋವು ಬಣ್ಣದ್ದು. ಒದ್ದೆ ಎಲೆಗಳ ಹಸಿರು ಹಕ್ಕಿ ಹೊಟ್ಟೆಗೆ ಹೊಡೆದು ಅಲ್ಲೊಂದು ಹಸಿರು ಛಾಯೆ ಕೂತಿರತ್ತೆ. ಬಿಳಿ ಯಾವುದು ಅಂತ ತೋರಿಸಿ ಬಣ್ಣ ಸರಿ ಮಾಡೋ ವೈಟ್ ಬ್ಯಾಲೆನ್ಸ್ ಪಿಕ್ಕರ್‌ನ ಹೊಟ್ಟೆ ಮೇಲೆ ಒತ್ಬೇಡಿ, ಬೆನ್ನ ಮೇಲೆ, ಅದೂ ಸುಟ್ಟಿರದ ಜಾಗದಲ್ಲಿ ಒತ್ತಿ. ಹಸಿರು ತೆಗೀತೀನಿ ಅಂತ ಇಡೀ ಫೋಟೋಗೆ ಟಿಂಟ್‌ನ ಮಜೆಂಟಾ (ನೇರಳೆಗೆಂಪು) ಕಡೆ ಎಳೆದ್ರೆ ಮಳೆಗಾಲದ ಕಾಡೇ ಬಾಡಿಹೋದಂಗೆ ಕಾಣತ್ತೆ. ಹಕ್ಕಿಗೆ ಮಾತ್ರ ಮಾಸ್ಕ್ ಹಾಕಿ (ಅದಷ್ಟನ್ನೇ ಆಯ್ದು) ಸ್ಯಾಚುರೇಶನ್ (ಬಣ್ಣದ ಗಾಢತೆ) ಸ್ವಲ್ಪ ಇಳಿಸಿ ಸಾಕು. ಶ್ಯಾಡೋ (ಕತ್ತಲೆ ಭಾಗ) ಜಾಸ್ತಿ ಎತ್ತಿದ್ರೆ ಗ್ರೇನ್ (ಕಾಳುಕಾಳು) ಬರತ್ತೆ, ಹಿನ್ನೆಲೆ ಕಪ್ಪಗಿದ್ರೆ ಇರ್ಲಿ ಬಿಡ್ರೀ, ನಂಗಂತೂ ಅದೇ ಚಂದ.

ಗೂಡಿನ ಹತ್ರ ಹೋಗೋದು, ಡ್ರೋನ್ ಹಾರಿಸೋದು ಬೇಡ್ವೇ ಬೇಡ, ದೊಡ್ಡವು ಎದ್ದುಹೋದ್ರೆ ಮರಿ ಮಳೆಲಿ ನೆನೀತವೆ. ಮಳೆಗಾಲ ಆಗಲ್ಲ ಅನ್ನೋರು ಚಳಿಗಾಲದಲ್ಲಿ ಕುಮಟಾ ಹತ್ರ ಅಘನಾಶಿನಿ ಅಳಿವೆಗೆ ಹೋಗಿ, ನೀರು ಇಳಿತ ಇರೋ ಟೈಮ್ ನೋಡ್ಕೊಂಡು.