ಕ್ವಾಪ್ 100 ಮೀಟರ್: ಹರ್ಡಲ್‌ವರೆಗಿನ ಅಭ್ಯಾಸ

ಕ್ವಾಪ್ (QWOP) ಅಂದರೆ ಕೀಲಿ ಒತ್ತಿ ಪರದೆಯ ಮೇಲಿನ ಓಟಗಾರನನ್ನು 100 ಮೀಟರ್ ಓಡಿಸುವ ಕಂಪ್ಯೂಟರ್ ಆಟ. ಹಾಸನದ ನಮ್ಮ ಗುಂಪು ಈಗ ಅದರಲ್ಲಿ 50 ಮೀಟರಿನ ಹರ್ಡಲ್‌ವರೆಗೆ (ದಾರಿಗೆ ಅಡ್ಡ ಇಟ್ಟ ತಡೆ) ಮಂಡಿ ಊರದೆ ಓಡುತ್ತಿದೆ. ತೆವಳಿಕೊಂಡು 100 ಮುಗಿಸುವುದು ಮೊದಲೇ ಕೈಗೆ ಹತ್ತಿತ್ತು. ಬೆನೆಟ್ ಫಾಡಿ 2008ರಲ್ಲಿ ಮಾಡಿದ ಆಟ ಇದು. ಆಗ ಅದು ಓಡುತ್ತಿದ್ದ ಫ್ಲ್ಯಾಶ್ ಎಂಬ ತಂತ್ರಾಂಶ 2020ರ ಕೊನೆಗೆ ನಿಂತರೂ, ಅವರ ಜಾಲತಾಣದಲ್ಲಿ ಈಗಲೂ ಬ್ರೌಸರ್‌ನಲ್ಲೇ ಆಡಬಹುದು.

ಕೀಲಿಗಳು ನಾಲ್ಕೇ. ಕ್ಯೂ ಒತ್ತಿದರೆ ಬಲತೊಡೆ ಮುಂದಕ್ಕೆ, ಎಡತೊಡೆ ಹಿಂದಕ್ಕೆ. ಡಬ್ಲ್ಯೂ ಅದರ ಉಲ್ಟಾ. ಓ, ಪಿ ಎರಡೂ ಮಂಡಿಯ ಕೆಳಗಿನ ಕಾಲಿಗೆ ಇದೇ ಕೆಲಸ ಮಾಡುತ್ತವೆ. ಹಾಗಾಗಿ ಡಬ್ಲ್ಯೂ ಮತ್ತು ಓ ಒಟ್ಟಿಗೆ ಒತ್ತಿದರೆ ಎಡಗಾಲು ಮಡಚಿಕೊಂಡು ಮುಂದೆ ಬರುತ್ತದೆ, ಬಲಗಾಲು ನೇರವಾಗಿ ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ಕ್ಯೂ ಮತ್ತು ಪಿ ಜೋಡಿಗೆ ಕಾಲು ಅದಲುಬದಲು. ಓಟ ಅಂದರೆ ಈ ಎರಡು ಜೋಡಿಗಳ ಸರದಿ, ಅಷ್ಟೇ.

ಕಷ್ಟ ಇರುವುದು ಬೇರೆ ಕಡೆ: ಮುಂಡಕ್ಕೆ ಕೀಲಿಯೇ ಇಲ್ಲ. ನೆಲದಲ್ಲಿರುವ ಕಾಲು ಹಿಂದಕ್ಕೆ ತಳ್ಳಿದಾಗ ಸೊಂಟದ ಕೀಲಿನಲ್ಲಿ ಅದರ ಪ್ರತಿಬಲ ಮುಂಡವನ್ನೂ ಹಿಂದಕ್ಕೆ ತಿರುಗಿಸುತ್ತದೆ. ಮುಂಡ ಸ್ವಲ್ಪ ಮುಂದೆ ಬಾಗಿದ್ದರೆ ಆ ತಿರುವು ಅದನ್ನು ನೆಟ್ಟಗೆ ನಿಲ್ಲಿಸುತ್ತದೆ. ಮೊದಲೇ ನೆಟ್ಟಗಿದ್ದರೆ ಅಂಗಾತ ಬೀಳಿಸುತ್ತದೆ. ಹೊಸಬರು ಮೊದಲ ಕೆಲವು ಮೀಟರಿನಲ್ಲೇ ಬೆನ್ನಡಿಯಾಗಿ ಬೀಳುವುದು ಇದಕ್ಕೇ. ಬೆರಳಿನ ವೇಗಕ್ಕಿಂತ ಕಾಯುವುದು ಮುಖ್ಯ. ಉಯ್ಯಾಲೆಯನ್ನು ತಳ್ಳುವ ಹಾಗೆ, ಹೊತ್ತು ನೋಡಿ ಒತ್ತಬೇಕು.

ನಾವು ಈಗ ಮಾಡುತ್ತಿರುವ ಕ್ರಮ ಹೀಗಿದೆ. ಮೊದಲು ಡಬ್ಲ್ಯೂ–ಓ ಒತ್ತಿ ಹಿಡಿಯಿರಿ. ಎಡತೊಡೆ ಮೇಲೆದ್ದು ದೇಹ ಮುಂದೆ ಸರಿಯುತ್ತಿದ್ದಂತೆ ಎರಡನ್ನೂ ಬಿಡಿ. ಕಣ್ಣು ಎಡಪಾದದ ಮೇಲಿರಲಿ. ಅದು ನೆಲಕ್ಕೆ ತಾಗಿದ ಕೂಡಲೇ ಕ್ಯೂ–ಪಿ. ಪಾದ ಇನ್ನೂ ಗಾಳಿಯಲ್ಲಿರುವಾಗಲೇ ಬದಲಿಸಿದರೆ ತಳ್ಳಲು ನೆಲವೇ ಸಿಗದೆ ಮುಗ್ಗರಿಸುತ್ತೀರಿ. ತಡವಾದರೆ ಕಾಲುಗಳು ಅಗಲಿ ಮಂಡಿ ನೆಲಕ್ಕೆ ಬರುತ್ತದೆ. ಮುಂಡ ಹಿಂದಕ್ಕೆ ವಾಲುತ್ತಿದೆ ಅನ್ನಿಸಿದರೆ ಮುಂದಿನ ಒತ್ತನ್ನು ಗಿಡ್ಡ ಮಾಡಿ. ಎರಡು ಬೆರಳೂ ಒಟ್ಟಿಗೇ ಇಳಿಯಬೇಕು. ಓ ಒಂದು ಚೂರು ಹಿಂದೆ ಬಿದ್ದರೂ ತಳ್ಳುವ ಕಾಲು ಮಡಚಿಕೊಂಡೇ ಇರುತ್ತದೆ.

ಮಂಡಿ ತಾಗಿದರೆ ಆಟ ಮುಗಿಯುವುದಿಲ್ಲ. ಒಂದು ಮಂಡಿ ಊರಿ, ಇನ್ನೊಂದು ಪಾದ ಮುಂದಿಟ್ಟುಕೊಂಡು ಸಣ್ಣಸಣ್ಣ ಒತ್ತುಗಳಲ್ಲಿ ಜರುಗಿದರೆ ಕೊನೆಯವರೆಗೂ ಹೋಗಬಹುದು. ಆದರೆ ತುಂಬ ನಿಧಾನ. 2013ರ ಗಿನ್ನೆಸ್ ದಾಖಲೆ 51 ಸೆಕೆಂಡ್; ಅದರ ಹತ್ತಿರ ಸುಳಿಯಲೂ ತೆವಳಿದರೆ ಆಗದು.

ಕೀಬೋರ್ಡ್ ಬಗ್ಗೆಯೂ ಹೇಳಬೇಕು. ಅಗ್ಗದ ಕೀಬೋರ್ಡ್‌ಗಳಲ್ಲಿ ಮೂರು-ನಾಲ್ಕು ಕೀಲಿ ಒಟ್ಟಿಗೆ ಒತ್ತಿದರೆ ಒಂದೆರಡು ದಾಖಲಾಗುವುದೇ ಇಲ್ಲ. ಜೋಡಿ ಬದಲಿಸುವಾಗ ಒತ್ತುಗಳು ಒಂದರ ಮೇಲೊಂದು ಬೀಳುವುದರಿಂದ ಇದು ನೇರವಾಗಿ ಕಾಡುತ್ತದೆ. ನೋಟ್‌ಪ್ಯಾಡ್ ತೆರೆದು ನಾಲ್ಕನ್ನೂ ಒಟ್ಟಿಗೆ ಒತ್ತಿ. ನಾಲ್ಕೂ ಅಕ್ಷರ ಬಂದರೆ ಸರಿ. ಕನ್ನಡ ಟೈಪಿಂಗ್ ಆನ್ ಇದ್ದರೆ ಇಂಗ್ಲಿಷಿಗೆ ಬದಲಿಸಿಕೊಳ್ಳಿ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದಾಗ ಬ್ರೌಸರ್‌ನ ಬ್ಯಾಟರಿ ಉಳಿತಾಯ ಫ್ರೇಮ್ ದರ (ಪರದೆಯ ಚಿತ್ರ ಬದಲಾಗುವ ವೇಗ) ಇಳಿಸಬಹುದು. ಪಾದ ತಾಗುವ ಕ್ಷಣ ಆಗ ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ. ಅದನ್ನು ಆಫ್ ಮಾಡಿ, ಬೇರೆ ಟ್ಯಾಬ್‌ಗಳನ್ನೂ ಮುಚ್ಚಿ.

ಇನ್ನು ಹರ್ಡಲ್. ತೆವಳುವಾಗ ಅದನ್ನು ಬೀಳಿಸಿ ತಳ್ಳಿಕೊಂಡು ಹೋದರಾಯಿತು. ಓಟದಲ್ಲಿ ಮಾತ್ರ ಹಿಂದಿನ ಕಾಲು ಅದಕ್ಕೆ ಸಿಕ್ಕಿಕೊಂಡು ಮುಂಡ ಒಮ್ಮೆಲೇ ಮುಂದಕ್ಕೆ ಮಗುಚುತ್ತದೆ. ಹರ್ಡಲ್ ಕಂಡ ಕೂಡಲೇ ಹೆಜ್ಜೆ ಗಿಡ್ಡ ಮಾಡಿ, ಎತ್ತಿದ ತೊಡೆಯಿಂದ ಅದನ್ನು ಮುಂದಕ್ಕೆ ಕೆಡವಿ, ಬಿದ್ದ ಮೇಲೆ ತುಳಿದು ದಾಟುವುದನ್ನು ಈಗ ಅಭ್ಯಾಸ ಮಾಡುತ್ತಿದ್ದೇವೆ. ಎಡತೊಡೆಯಿಂದ ಕೆಡವುವುದು ಒಂದು ಮಟ್ಟಕ್ಕೆ ಬಂದಿದೆ. ಬಲಗಾಲು ಮುಂದಿದ್ದಾಗ ಇನ್ನೂ ಸಿಕ್ಕಿಕೊಳ್ಳುತ್ತಿದೆ. ಹಾಗಾಗಿ 45 ಮೀಟರ್ ದಾಟಿದ ಮೇಲೆ ಎಡಗಾಲೇ ಮೊದಲು ಮುಟ್ಟುವಂತೆ ಹೆಜ್ಜೆ ಹೊಂದಿಸುವುದು ಮುಂದಿನ ಕೆಲಸ.